ದಾನಿಗಳು, ಅನುದಾನಾಪೇಕ್ಷಿಗಳು ಮತ್ತು ನಡುವಣ ಮಾಹಿತಿಯ ಕೊಂಡಿ

ಪ್ರತಿವರ್ಷ ಫೆಬ್ರುವರಿ ಮುಗಿಯುತ್ತ ಬಂದಂತೆ ನಮ್ಮ ಸದಸ್ಯರ ಕಚೇರಿಗಳಿಗೆ ಎರಡು ಬಗೆಯ ಕರೆಗಳು ಬರತೊಡಗುತ್ತವೆ. ಒಂದು ಲೆಕ್ಕಪರಿಶೋಧಕರದು: ಈ ವರ್ಷದ ಸಾಮಾಜಿಕ ಹೊಣೆಗಾರಿಕೆಯ ಬಾಬ್ತು ಇನ್ನೂ ಖರ್ಚಾಗಿಲ್ಲ, ಮಾರ್ಚ್ 31ರೊಳಗೆ ಏನಾದರೂ ಮಾಡಬೇಕು ಎಂಬುದು. ಇನ್ನೊಂದು ಯಾವುದೋ ಶಾಲೆಯ, ಆಶ್ರಮದ ಅಥವಾ ಆಸ್ಪತ್ರೆಯ ಕಾರ್ಯದರ್ಶಿಯದು: ಕಟ್ಟಡ ಅರ್ಧಕ್ಕೆ ನಿಂತಿದೆ, ತಾವು ಮನಸ್ಸು ಮಾಡಬೇಕು ಎಂಬುದು. ಒಂದೆಡೆ ಕೊಡಬೇಕಾದ ಹಣ, ಇನ್ನೊಂದೆಡೆ ಬೇಕಾದ ಹಣ. ಆದರೂ ಇವೆರಡೂ ಸರಿಯಾಗಿ ಸಂಧಿಸುವುದು ಅಪರೂಪ. ಕೊಡುವವನಿಗೆ ಪಡೆಯುವವನ ಅರಿವಿಲ್ಲ. ಪಡೆಯುವವನಿಗೆ ಯಾರನ್ನು ಕೇಳಬೇಕೆಂಬುದು ತಿಳಿಯದು.

ಹೊಸ ಗಿರಾಕಿಯೊಬ್ಬನಿಗೆ ಒಂದು ಲಾರಿ ಸರಕನ್ನು ಉದ್ದರಿ ಕೊಡುವ ಮುನ್ನ ನಮ್ಮ ವ್ಯಾಪಾರಿಗಳು ಅವನ ಜಿಎಸ್‌ಟಿ ಸಂಖ್ಯೆಯನ್ನು ಪರಿಶೀಲಿಸುತ್ತಾರೆ. ಹಿಂದೆ ಯಾರಲ್ಲಿ ಖರೀದಿಸುತ್ತಿದ್ದ, ಪಾವತಿ ಹೇಗೆ ಎಂದು ಪೇಟೆಯಲ್ಲಿ ವಿಚಾರಿಸುತ್ತಾರೆ. ಅದೇ ವ್ಯಾಪಾರಿಗಳು ಅಷ್ಟೇ ಮೊತ್ತದ ದೇಣಿಗೆಯ ಚೆಕ್ಕಿಗೆ ಸಹಿ ಹಾಕುವಾಗ, ತಂದವರ ಮುಖ ನೋಡಿ ಸಹಿ ಹಾಕುವುದುಂಟು. ಈ ಲೇಖಕನೂ ಅದಕ್ಕೆ ಹೊರತಲ್ಲ. ವಿಚಾರಣೆಗೆ ಬೇಕಾದ ಮಾಹಿತಿ ಈಗ ಬಹುಮಟ್ಟಿಗೆ ಬಹಿರಂಗವಾಗಿಯೇ ಲಭ್ಯವಿದೆ. ಅದು ಎಲ್ಲಿದೆ, ಅದನ್ನು ಹೇಗೆ ಓದಬೇಕು, ಯಾರ ನೆರವು ಪಡೆಯಬಹುದು ಎಂಬುದನ್ನು ಸದಸ್ಯರ ಗಮನಕ್ಕೆ ತರುವುದು ಇಲ್ಲಿನ ಉದ್ದೇಶ.

ಹಿಂದಿನ ರೂಢಿ

ವ್ಯಾಪಾರಿಗಳ ದಾನಧರ್ಮ ನಮ್ಮ ನಾಡಿಗೆ ಹೊಸದಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಬಳಿ 1903ರಲ್ಲಿ ಛತ್ರ ತೆರೆದ ಗುಬ್ಬಿ ತೋಟದಪ್ಪನವರು ವ್ಯಾಪಾರಸ್ಥರೇ. ಮಂಡಿಗಳಲ್ಲಿ ಬಿಲ್ಲಿನ ಮೇಲೆ ಧರ್ಮಾದಾಯವೆಂದು ಒಂದಿಷ್ಟು ಸೇರಿಸಿ ಪ್ರತ್ಯೇಕ ಖಾತೆಯಲ್ಲಿ ಇಡುವ ಪದ್ಧತಿಯೂ ಬಹಳ ಹಳೆಯದು. ಹೀಗೆ ವಸೂಲಾದ ಹಣ ವ್ಯಾಪಾರಿಯ ವರಮಾನವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಬಿಜ್ಲಿ ಕಾಟನ್ ಮಿಲ್ಸ್ ಪ್ರಕರಣದಲ್ಲಿ ತೀರ್ಪಿತ್ತದ್ದನ್ನು ಹಿರಿಯ ಸದಸ್ಯರು ಬಲ್ಲರು. ಆ ಕಾಲದಲ್ಲಿ ಕೊಡುವವನೂ ಪಡೆಯುವವನೂ ಒಂದೇ ಪೇಟೆಯವರು. ಛತ್ರದಲ್ಲಿ ಊಟ ಹೇಗಿದೆ ಎಂದು ತಿಳಿಯಲು ವರದಿ ಬೇಕಾಗಿರಲಿಲ್ಲ; ಒಂದು ಹೊತ್ತು ಅಲ್ಲಿ ಎಲೆಗೆ ಕುಳಿತರೆ ಸಾಕಿತ್ತು. ಈಗ ಪೀಣ್ಯದ ಕಾರ್ಖಾನೆಯ ಹಣ ಯಾದಗಿರಿಯ ಶಾಲೆಗೆ ಹೋಗಬೇಕಾಗಿರುವಾಗ ಆ ಪರಿಚಯದ ಸ್ಥಾನವನ್ನು ದಾಖಲೆ ತುಂಬಬೇಕಾಗಿದೆ.

ಅಮೆರಿಕದ ಅನುಭವ

ಇಂಥ ದಾಖಲೆಯನ್ನು ವ್ಯವಸ್ಥಿತವಾಗಿ ಸಂಗ್ರಹಿಸಿ ಸಾರ್ವಜನಿಕರ ಮುಂದಿಟ್ಟ ಪ್ರಯತ್ನಗಳಲ್ಲಿ ಅಮೆರಿಕದ್ದು ಗಮನಾರ್ಹ. ಅಲ್ಲಿ ಅದು ಔದಾರ್ಯದಿಂದ ಹುಟ್ಟಿದ್ದಲ್ಲ, ಅನುಮಾನದಿಂದ ಹುಟ್ಟಿದ್ದು. ದೊಡ್ಡ ಪ್ರತಿಷ್ಠಾನಗಳ ಹಣ ಯಾರ ಪಾಲಾಗುತ್ತಿದೆ ಎಂದು ಆ ದೇಶದ ಸಂಸತ್ತು 1952ರಿಂದ 1954ರವರೆಗೆ ಎರಡು ವಿಚಾರಣಾ ಸಮಿತಿಗಳ ಮೂಲಕ ತನಿಖೆ ನಡೆಸಿತು. ಆಗ ಕಾರ್ನೆಗಿ ಕಾರ್ಪೊರೇಷನ್ನಿನ ಅಧ್ಯಕ್ಷ ರಸೆಲ್ ಲೆಫಿಂಗ್‌ವೆಲ್, ಪ್ರತಿಷ್ಠಾನಗಳ ಜೇಬು ಗಾಜಿನದಾಗಿರಬೇಕು, ಒಳಗಿರುವುದು ಎಲ್ಲರಿಗೂ ಕಾಣಬೇಕು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. 1956ರಲ್ಲಿ ನ್ಯೂಯಾರ್ಕಿನಲ್ಲಿ ಪ್ರತಿಷ್ಠಾನಗಳ ಮಾಹಿತಿಗೆಂದೇ ಒಂದು ಗ್ರಂಥಾಲಯ ಸ್ಥಾಪನೆಯಾಯಿತು. ಮುಂದೆ ಫೌಂಡೇಷನ್ ಸೆಂಟರ್ ಎಂದು ಹೆಸರಾದ ಈ ಸಂಸ್ಥೆ 1960ರಲ್ಲಿ ಪ್ರತಿಷ್ಠಾನಗಳ ಕೈಪಿಡಿಯನ್ನು ಹೊರತಂದಿತು. ಸ್ವಯಂಸೇವಾ ಸಂಸ್ಥೆಗಳ ವಿವರಗಳನ್ನು ಕಲೆಹಾಕಲು 1994ರಲ್ಲಿ ಆರಂಭವಾದ ಗೈಡ್‌ಸ್ಟಾರ್ ಎಂಬ ಸಂಸ್ಥೆಯೊಡನೆ ಅದು 2019ರಲ್ಲಿ ವಿಲೀನಗೊಂಡು, ಈಗ ಕ್ಯಾಂಡಿಡ್ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.

ಇದರ ತಳಹದಿ ತೆರಿಗೆ ಕಾನೂನು. ಖಾಸಗಿ ಪ್ರತಿಷ್ಠಾನಗಳು ಪ್ರತಿವರ್ಷ ತೆರಿಗೆ ಇಲಾಖೆಗೆ ಸಲ್ಲಿಸುವ ವಿವರಪಟ್ಟಿಯಲ್ಲಿ ಯಾರಿಗೆ ಎಷ್ಟು ಅನುದಾನ ಕೊಟ್ಟೆವೆಂಬುದನ್ನು ನಮೂದಿಸಬೇಕು, ಮತ್ತು ಆ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಆದರೆ ನಮಗೆ ಹೆಚ್ಚು ಪ್ರಯೋಜನಕಾರಿಯಾದ ಅಂಶ ಬೇರೆಯೇ ಇದೆ. ಆ ಕೇಂದ್ರವು ಮಾಹಿತಿಯನ್ನು ನ್ಯೂಯಾರ್ಕಿನಲ್ಲಿ ಮಾತ್ರ ಕೂಡಿಡದೆ, ಊರೂರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ತನ್ನ ಸಂಗ್ರಹಗಳನ್ನು ಇರಿಸಿತು. ಸಣ್ಣ ಊರಿನ ಅನಾಥಾಲಯದ ಮುಖ್ಯಸ್ಥೆಯೊಬ್ಬರು ತಮ್ಮೂರಿನ ಗ್ರಂಥಾಲಯದಲ್ಲೇ ಕುಳಿತು ಯಾವ ಪ್ರತಿಷ್ಠಾನ ಮಕ್ಕಳ ಆರೋಗ್ಯಕ್ಕೆ ಹಣ ಕೊಡುತ್ತದೆ ಎಂದು ಹುಡುಕಲು ಸಾಧ್ಯವಾಯಿತು. ಅರ್ಜಿ ಬರೆಯುವ ಕ್ರಮವನ್ನು ಹೇಳಿಕೊಡುವವರೂ ಅಲ್ಲಿ ದೊರೆತರು.

ಕೊಡುವವರು ನೋಡಬೇಕಾದದ್ದು

ನಮ್ಮ ದೇಶದಲ್ಲಿ ಇಂಥ ಮಾಹಿತಿ ಒಂದೇ ಸೂರಿನಡಿ ಇಲ್ಲ. ಬೇರೆ ಬೇರೆ ಇಲಾಖೆಗಳ ಜಾಲತಾಣಗಳಲ್ಲಿ ಹಂಚಿಹೋಗಿದೆ. ಮೊದಲಿಗೆ, ಕಂಪನಿಯಲ್ಲದ ಸಾಮಾನ್ಯ ವ್ಯಾಪಾರಿಯ ದೇಣಿಗೆಯನ್ನು ಗಮನಿಸೋಣ. 1961ರ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಮಿನ ರಿಯಾಯಿತಿ ಎಲ್ಲರಿಗೂ ತಿಳಿದದ್ದೇ. (2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಇಟ್ಟುಕೊಂಡ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆಗಳು ಬದಲಾಗಿವೆ, ಪೇಟೆಯ ಬಾಯಲ್ಲಿ 80ಜಿ ಎಂಬ ಹೆಸರೇ ಉಳಿದಿರುವುದರಿಂದ ಇಲ್ಲಿಯೂ ಹಾಗೆಯೇ ಬಳಸಲಾಗಿದೆ.) ಕೆಲವು ಸದಸ್ಯರು ಎಡವುತ್ತಿರುವುದು ಇಲ್ಲಿಯೇ. ಅನೇಕ ಹಳೆಯ ಸಂಸ್ಥೆಗಳು ತಮ್ಮ ಕಚೇರಿಯ ಗೋಡೆಯ ಮೇಲೆ ದಶಕಗಳ ಹಿಂದಿನ ತೆರಿಗೆ ವಿನಾಯಿತಿ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿರುತ್ತವೆ. 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಅಂಥ ಶಾಶ್ವತ ಮಾನ್ಯತೆ ಕೊನೆಗೊಂಡಿತು. ಎಲ್ಲ ಸಂಸ್ಥೆಗಳೂ ಮತ್ತೆ ನೋಂದಾಯಿಸಿಕೊಂಡು, ಅವಧಿಯುಳ್ಳ ಹೊಸ ಅನುಮೋದನೆಯನ್ನೂ ಅದರ ವಿಶಿಷ್ಟ ಸಂಖ್ಯೆಯನ್ನೂ ಪಡೆಯಬೇಕಾಯಿತು. ಆದುದರಿಂದ ಗೋಡೆಯ ಪತ್ರವನ್ನು ನೋಡಿ ತೃಪ್ತರಾಗದೆ ಹೊಸ ಸಂಖ್ಯೆಯನ್ನು ಕೇಳಿ, ಇಲಾಖೆಯ ಜಾಲತಾಣದ ಪಟ್ಟಿಯಲ್ಲಿ ಪರಿಶೀಲಿಸುವುದು ಅಗತ್ಯ.

ರಸೀದಿಯ ವಿಷಯವೂ ಹಾಗೆಯೇ. 2021-22ರ ಹಣಕಾಸು ವರ್ಷದಿಂದ, ದೇಣಿಗೆ ಪಡೆದ ಸಂಸ್ಥೆಯೇ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಇಲಾಖೆಗೆ ಸಲ್ಲಿಸಿ, ದಾನಿಗೆ 10ಬಿಇ ಎಂಬ ಪ್ರಮಾಣಪತ್ರ ನೀಡುವ ಕ್ರಮ ಬಂದಿತು. ಸಂಸ್ಥೆ ಆ ವಿವರವನ್ನು ಸಲ್ಲಿಸದಿದ್ದರೆ ನಮ್ಮ ಕೈಯಲ್ಲಿರುವ ಬಣ್ಣದ ರಸೀದಿಯಿಂದ ಪ್ರಯೋಜನವಿಲ್ಲ. 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಕೊಟ್ಟರೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ವ್ಯಕ್ತಿಗಳಿಗೂ, ಶೇ. 22ರ ದರವನ್ನು ಆಯ್ದುಕೊಂಡ ಕಂಪನಿಗಳಿಗೂ ಈ ರಿಯಾಯಿತಿ ಅನ್ವಯಿಸದು. ಪಾಲುದಾರಿಕೆ ಸಂಸ್ಥೆಗಳು ಆ ಹೊಸ ಪದ್ಧತಿಯ ವ್ಯಾಪ್ತಿಗೆ ಬಾರದ ಕಾರಣ, ಪಾಲುದಾರರು ವೈಯಕ್ತಿಕವಾಗಿ ಕೊಡುವುದಕ್ಕಿಂತ ಸಂಸ್ಥೆಯ ಹೆಸರಿನಲ್ಲಿ ಕೊಡುವುದು ಲಾಭಕರವೇ ಎಂದು ಲೆಕ್ಕಪರಿಶೋಧಕರೊಡನೆ ಚರ್ಚಿಸಬಹುದು.

ಇನ್ನು ಕಂಪನಿಗಳ ವಿಚಾರ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ನಿಗದಿಪಡಿಸಿದ ಮಿತಿ ಹೀಗಿತ್ತು: ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ. ಮೊದಲೆರಡು ಮೊತ್ತಗಳನ್ನು ನೋಡಿ ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡ ಮಧ್ಯಮ ಗಾತ್ರದ ತಯಾರಕರು ಮೂರನೆಯದರ ಬಲೆಗೆ ಬಿದ್ದದ್ದುಂಟು. ಒಂದು ಕಂಪನಿಯ ಹಿಂದಿನ ಮೂರು ವರ್ಷಗಳ ಲಾಭ, 198ನೇ ಕಲಮಿನಂತೆ ಲೆಕ್ಕ ಹಾಕಿದಾಗ, ಅನುಕ್ರಮವಾಗಿ 5.5, 6 ಮತ್ತು 6.5 ಕೋಟಿ ರೂಪಾಯಿ ಇದೆಯೆಂದು ಭಾವಿಸೋಣ. ಸರಾಸರಿ 6 ಕೋಟಿ, ಅದರ ಶೇ. 2 ಎಂದರೆ 12 ಲಕ್ಷ ರೂಪಾಯಿ. ಈ ಬಾಧ್ಯತೆ 50 ಲಕ್ಷ ಮೀರದಿದ್ದರೆ ಪ್ರತ್ಯೇಕ ಸಮಿತಿ ಬೇಕಿಲ್ಲ. ನಿರ್ದೇಶಕ ಮಂಡಳಿಯೇ ನಿರ್ಧರಿಸಬಹುದು. ಅದೇ ಹೊತ್ತಿಗೆ, ಈ ವೆಚ್ಚವನ್ನು ವ್ಯಾಪಾರದ ಖರ್ಚೆಂದು ಲಾಭದಿಂದ ಕಳೆಯುವಂತಿಲ್ಲ ಎಂಬುದನ್ನೂ ನೆನಪಿಡಬೇಕು.

ಈ 12 ಲಕ್ಷವನ್ನು ಮಾರ್ಚ್ ಕೊನೆಯ ವಾರ ಯಾವುದಾದರೂ ಸಂಸ್ಥೆಗೆ ವರ್ಗಾಯಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಅನೇಕರಲ್ಲಿದೆ. ಅದು ಸರಿಯಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯ 2021ರ ಆಗಸ್ಟ್‌ನಲ್ಲಿ ನೀಡಿದ ಸ್ಪಷ್ಟೀಕರಣದ ಪ್ರಕಾರ, ಅನುಷ್ಠಾನ ಸಂಸ್ಥೆಗೆ ಹಣ ಕೊಟ್ಟ ಮಾತ್ರಕ್ಕೆ ಅದು ಖರ್ಚಾದಂತೆ ಅಲ್ಲ. ಸಂಸ್ಥೆ ಅದನ್ನು ಕೆಲಸಕ್ಕೆ ಬಳಸಿದಾಗ ಮಾತ್ರ ಖರ್ಚು. ಬಳಕೆಯಾದುದನ್ನು ಕಂಪನಿಯ ಹಣಕಾಸು ಮುಖ್ಯಸ್ಥರು ಪ್ರಮಾಣೀಕರಿಸಬೇಕು. ಉಳಿದ ಹಣ ಮುಂದುವರಿಯುವ ಯೋಜನೆಗೆ ಸೇರಿದ್ದಲ್ಲವಾದರೆ, ವರ್ಷ ಮುಗಿದ ಆರು ತಿಂಗಳೊಳಗೆ ಕಾಯ್ದೆಯ 7ನೇ ಅನುಸೂಚಿಯಲ್ಲಿ ಹೇಳಿದ ಸರ್ಕಾರಿ ನಿಧಿಗಳಲ್ಲೊಂದಕ್ಕೆ ಹೋಗಬೇಕು. ತಪ್ಪಿದರೆ, ವರ್ಗಾಯಿಸಬೇಕಿದ್ದ ಮೊತ್ತದ ಎರಡರಷ್ಟು ಅಥವಾ 1 ಕೋಟಿ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ದಂಡವನ್ನು 2021ರಲ್ಲಿ ಜಾರಿಗೆ ಬಂದ ತಿದ್ದುಪಡಿ ವಿಧಿಸಿತು. ಅಂದರೆ ಮೇಲಿನ ಉದಾಹರಣೆಯಲ್ಲಿ 12 ಲಕ್ಷವೂ ಖರ್ಚಾಗದೆ ಉಳಿದು, ನಿಧಿಗೂ ಹೋಗದಿದ್ದರೆ, ದಂಡ 24 ಲಕ್ಷ. ಜವಾಬ್ದಾರಿಯುತ ಅಧಿಕಾರಿಯ ದಂಡ ಬೇರೆ.

ಯಾವ ಸಂಸ್ಥೆಗೆ ಕೊಡಬಹುದೆಂಬುದಕ್ಕೂ ನಿಯಮವಿದೆ. 2021ರ ಏಪ್ರಿಲ್ 1ರಿಂದ, ಈ ಹಣ ಪಡೆಯುವ ಸಂಸ್ಥೆ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ಮೂಲಕ ನೋಂದಾಯಿಸಿಕೊಂಡು ಸಂಖ್ಯೆ ಪಡೆದಿರಬೇಕು. ಕಂಪನಿಯೇ ಸ್ಥಾಪಿಸಿದ ಟ್ರಸ್ಟ್ ಅಲ್ಲದಿದ್ದರೆ, ಅದಕ್ಕೆ ಅಂಥ ಕೆಲಸದಲ್ಲಿ ಮೂರು ವರ್ಷಗಳ ಅನುಭವವಿರಬೇಕು. ಸಂಖ್ಯೆ ಇದೆಯೇ ಎಂದು ತಿಳಿಯಲು ಐದು ನಿಮಿಷ ಸಾಕು.

ನೀತಿ ಆಯೋಗದ ಎನ್‌ಜಿಒ ದರ್ಪಣ್ ಎಂಬ ಜಾಲತಾಣದಲ್ಲಿ ಸಂಸ್ಥೆಗಳ ಪದಾಧಿಕಾರಿಗಳು, ಕಾರ್ಯಕ್ಷೇತ್ರ, ಪಡೆದ ಅನುದಾನಗಳ ವಿವರ ಸಿಗುತ್ತದೆ. ಆದರೆ ಈ ವಿವರಗಳನ್ನು ಸಂಸ್ಥೆಗಳೇ ತುಂಬಿರುತ್ತವೆ. ದರ್ಪಣ್ ಸಂಖ್ಯೆಯನ್ನು ಲೆಟರ್‌ಹೆಡ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, ಸರ್ಕಾರದ ಮನ್ನಣೆ ಪಡೆದಿದ್ದೇವೆಂದು ಹೇಳಿಕೊಳ್ಳುವವರಿದ್ದಾರೆ. ಅದು ಗುರುತಿನ ಸಂಖ್ಯೆಯೇ ವಿನಾ ಗುಣದ ಮುದ್ರೆಯಲ್ಲ. ದಾಖಲೆಗಳನ್ನು ಪಡೆದು ಪರಿಶೀಲಿಸಿ ಪಾರದರ್ಶಕತೆಯ ಪ್ರಮಾಣಪತ್ರ ಕೊಡುವ ಕೆಲಸವನ್ನು ಗೈಡ್‌ಸ್ಟಾರ್ ಇಂಡಿಯಾ ಮಾಡುತ್ತದೆ. ಸ್ವಯಂಸೇವಾ ಸಂಸ್ಥೆಗಳೇ ಸೇರಿ ಕಟ್ಟಿಕೊಂಡ ಕ್ರೆಡಿಬಿಲಿಟಿ ಅಲಯನ್ಸ್ ಆಡಳಿತದ ಮಾನದಂಡಗಳನ್ನು ರೂಪಿಸಿ, ಅವಕ್ಕೆ ತಕ್ಕಂತೆ ಮಾನ್ಯತೆ ನೀಡುತ್ತದೆ. ಟ್ರಸ್ಟ್ ಸ್ಥಾಪಿಸಬಯಸುವ ಸದಸ್ಯರಿಗೆ ಕಾನೂನಿನ ಸಲಹೆ ನೀಡುವುದರಲ್ಲಿ ಮುಂಬಯಿಯ ಸೆಂಟರ್ ಫಾರ್ ಅಡ್ವಾನ್ಸ್‌ಮೆಂಟ್ ಆಫ್ ಫಿಲಾಂತ್ರಪಿ 1986ರಿಂದ ಅನುಭವವುಳ್ಳದ್ದು.

ಇಷ್ಟೆಲ್ಲ ನೋಡಿದ ಮೇಲೂ ಒಮ್ಮೆ ಖುದ್ದಾಗಿ ಹೋಗಿ ಬರುವುದಕ್ಕೆ ಸಮನಾದ ಪರಿಶೀಲನೆ ಇನ್ನೊಂದಿಲ್ಲ. ತಿಳಿಸದೆ ಹೋದರೆ ಇನ್ನೂ ಒಳ್ಳೆಯದು.

ಪಡೆಯುವವರು ನೋಡಬೇಕಾದದ್ದು

ನಮ್ಮ ಸದಸ್ಯರಲ್ಲಿ ಅನೇಕರು ಮೇಜಿನ ಎರಡೂ ಬದಿಗಳಲ್ಲಿ ಕುಳಿತವರು. ತಮ್ಮ ಕಾರ್ಖಾನೆಯಲ್ಲಿ ದಾನಿಗಳು. ಸಂಜೆ ಶಾಲಾ ಸಮಿತಿಯ ಸಭೆಯಲ್ಲಿ ಅರ್ಜಿದಾರರು. ಆ ಎರಡನೆಯ ಪಾತ್ರದಲ್ಲಿ ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ಒಂದೇ ಮನವಿಪತ್ರವನ್ನು ಐವತ್ತು ಕಂಪನಿಗಳಿಗೆ ಕಳುಹಿಸಿ ಉತ್ತರಕ್ಕಾಗಿ ಕಾಯುವುದು. ಅಂಥ ಪತ್ರಗಳಿಗೆ ಉತ್ತರ ಬರುವುದಿಲ್ಲ. ಬರಬೇಕೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ರಾಷ್ಟ್ರೀಯ ಸಿಎಸ್‌ಆರ್ ಪೋರ್ಟಲ್ಲಿನಲ್ಲಿ ಯಾವ ಕಂಪನಿ ಯಾವ ವರ್ಷ, ಯಾವ ರಾಜ್ಯದಲ್ಲಿ, ಯಾವ ಕ್ಷೇತ್ರಕ್ಕೆ ಎಷ್ಟು ವೆಚ್ಚ ಮಾಡಿತೆಂಬ ಮಾಹಿತಿಯನ್ನು ಪ್ರಕಟಿಸಲಾಗಿದೆ. ಜೊತೆಗೆ, ಜಾಲತಾಣ ಹೊಂದಿರುವ ಕಂಪನಿಗಳು ತಮ್ಮ ನೀತಿಯನ್ನೂ ಮಂಡಳಿ ಅನುಮೋದಿಸಿದ ಯೋಜನೆಗಳನ್ನೂ ಅಲ್ಲಿ ಪ್ರಕಟಿಸಬೇಕೆಂದು ನಿಯಮವಿದೆ. ಇವನ್ನು ಒಂದು ಮಧ್ಯಾಹ್ನ ಕುಳಿತು ಓದಿದರೆ ಐವತ್ತರ ಪಟ್ಟಿ ನಾಲ್ಕೈದಕ್ಕೆ ಇಳಿಯುತ್ತದೆ. ಕುಡಿಯುವ ನೀರಿಗೆ ಹಣ ಕೊಡುವ ಕಂಪನಿಗೆ ಸಭಾಭವನದ ನಕ್ಷೆ ಕಳುಹಿಸುವ ಶ್ರಮ ಉಳಿಯುತ್ತದೆ.

ಕಾರ್ಖಾನೆ ಇರುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದು ಕಾಯ್ದೆ ಹೇಳುತ್ತದೆ. ಇದು ಸಹಜವೇ ಆದರೂ, ಕಾರ್ಖಾನೆಗಳೇ ಇಲ್ಲದ ತಾಲ್ಲೂಕುಗಳಿಗೆ ಇದರಿಂದ ನಷ್ಟ. ಈ ಆದ್ಯತೆ ಕಡ್ಡಾಯವಲ್ಲ, ಮಾರ್ಗದರ್ಶಕ ಮಾತ್ರವೆಂದು ಸಚಿವಾಲಯವೇ 2021ರಲ್ಲಿ ತಿಳಿಸಿದೆ. ರಾಯಚೂರು, ಯಾದಗಿರಿ ಜಿಲ್ಲೆಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿತು. ಅಲ್ಲಿನ ಸಂಸ್ಥೆಗಳು ಬೆಂಗಳೂರಿನ ಕಂಪನಿಗಳನ್ನು ಸಂಪರ್ಕಿಸುವಾಗ ಈ ಎರಡು ಸಂಗತಿಗಳನ್ನು ಮನವಿಯಲ್ಲಿ ಉಲ್ಲೇಖಿಸುವುದು ಉಪಯುಕ್ತ.

ಮನವಿಯಲ್ಲಿ ಸಂಸ್ಥೆಯ ಇತಿಹಾಸಕ್ಕಿಂತ ಆಯವ್ಯಯ ಮುಖ್ಯ. ಎಷ್ಟು ಮಕ್ಕಳು, ತಲಾ ಎಷ್ಟು ವೆಚ್ಚ, ಎಷ್ಟು ತಿಂಗಳು, ಉಳಿದ ಹಣ ಎಲ್ಲಿಂದ ಎಂಬ ನಾಲ್ಕು ಪ್ರಶ್ನೆಗಳಿಗೆ ಎರಡು ಪುಟದಲ್ಲಿ ಉತ್ತರವಿದ್ದರೆ ಸಾಕು. ಗಣ್ಯರೊಡನೆ ತೆಗೆಸಿಕೊಂಡ ಛಾಯಾಚಿತ್ರಗಳ ಆಲ್ಬಂ ಬೇಕಿಲ್ಲ. ನೌಕರರ ಸಂಬಳವನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಆಡಳಿತ ವೆಚ್ಚ ಶೇ. 5 ಮೀರಬಾರದೆಂಬ ನಿಯಮವನ್ನು ಮುಂದಿಟ್ಟು, ಶಿಕ್ಷಕಿಯ ಅಥವಾ ದಾದಿಯ ಸಂಬಳಕ್ಕೆ ಹಣ ಕೊಡಲಾಗದು ಎನ್ನುವ ಕಂಪನಿಗಳಿವೆ. ಆ ಮಿತಿ ಕಂಪನಿಯು ತನ್ನಲ್ಲಿಯೇ ಮಾಡುವ ಸಾಮಾನ್ಯ ಆಡಳಿತದ ವೆಚ್ಚಕ್ಕೆ ಸಂಬಂಧಿಸಿದ್ದು. ನಿರ್ದಿಷ್ಟ ಯೋಜನೆಯ ಅನುಷ್ಠಾನಕ್ಕೆ ನೇರವಾಗಿ ತಗಲುವ ವೆಚ್ಚ ಅದರಲ್ಲಿ ಸೇರದು. ಕಟ್ಟಡಕ್ಕೆ ಕೊಟ್ಟು ಕೆಲಸ ಮಾಡುವವರಿಗೆ ಕೊಡೆನೆನ್ನುವುದು, ಯಂತ್ರ ತಂದು ಅದನ್ನು ನಡೆಸುವವನನ್ನು ನೇಮಿಸದ ಹಾಗೆ. ತಯಾರಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿದೇಶಿ ದೇಣಿಗೆಯನ್ನು ನೆಚ್ಚಿಕೊಂಡಿದ್ದ ಸಣ್ಣ ಸಂಸ್ಥೆಗಳ ಪರಿಸ್ಥಿತಿ 2020ರ ಸೆಪ್ಟೆಂಬರ್ ನಂತರ ಬದಲಾಯಿತು. ಅಲ್ಲಿಯವರೆಗೆ ದೊಡ್ಡ ಸಂಸ್ಥೆಯೊಂದು ವಿದೇಶಿ ಹಣ ಪಡೆದು, ನೋಂದಾಯಿತವಾದ ಸಣ್ಣ ಸಂಸ್ಥೆಗಳಿಗೆ ಹಂಚಬಹುದಿತ್ತು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ ತಿದ್ದುಪಡಿ ಆ ಹಂಚಿಕೆಯನ್ನು ನಿಷೇಧಿಸಿತು. ಹಣದ ಜೊತೆಗೆ ದೊಡ್ಡ ಸಂಸ್ಥೆಗಳು ಕೊಡುತ್ತಿದ್ದ ಲೆಕ್ಕಪತ್ರದ ತರಬೇತಿಯೂ ಮಾರ್ಗದರ್ಶನವೂ ಅನೇಕ ಕಡೆ ನಿಂತುಹೋಯಿತು. ಈ ಸಂಸ್ಥೆಗಳು ಸ್ಥಳೀಯ ಉದ್ಯಮಿಗಳ ಬಾಗಿಲಿಗೆ ಹೆಚ್ಚಾಗಿ ಬರುತ್ತಿರುವುದಕ್ಕೆ ಇದೂ ಒಂದು ಕಾರಣ. ಸ್ವಯಂಸೇವಾ ಸಂಸ್ಥೆಗಳ ಅಖಿಲ ಭಾರತ ಜಾಲವಾದ ವಾಣಿ, 1988ರಿಂದ ಇಂಥ ಕಾನೂನು ಬದಲಾವಣೆಗಳನ್ನು ತನ್ನ ಸದಸ್ಯರಿಗೆ ತಿಳಿಸುವ ಕೆಲಸ ಮಾಡುತ್ತ ಬಂದಿದೆ.

ಷೇರು ಪೇಟೆಯಲ್ಲೂ ಈಗ ಒಂದು ಬಾಗಿಲು ತೆರೆದಿದೆ. 2019-20ರ ಆಯವ್ಯಯದಲ್ಲಿ ಘೋಷಣೆಯಾದ ಸಾಮಾಜಿಕ ಷೇರು ವಿನಿಮಯ ಕೇಂದ್ರಕ್ಕೆ ಸೆಬಿ 2022ರಲ್ಲಿ ನಿಯಮ ರೂಪಿಸಿತು. 2023ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದ ಈ ವಿಭಾಗದಲ್ಲಿ ಮೊದಲು ನಮೂದಾದದ್ದು ಬೆಂಗಳೂರಿನ ಎಸ್‌ಜಿಬಿಎಸ್ ಉನ್ನತಿ ಫೌಂಡೇಷನ್. ಇಲ್ಲಿ ಕೊಳ್ಳುವ ಪತ್ರಕ್ಕೆ ಬಡ್ಡಿಯಿಲ್ಲ, ಅಸಲೂ ಮರಳದು. ಹೆಸರು ಹೂಡಿಕೆಯದಾದರೂ ಸ್ವರೂಪ ದಾನದ್ದೇ. ಕನಿಷ್ಠ ಮೊತ್ತ ಮೊದಲು 2 ಲಕ್ಷ ರೂಪಾಯಿ ಇದ್ದುದು 2023ರಲ್ಲಿ 10,000ಕ್ಕೂ 2025ರಲ್ಲಿ 1,000ಕ್ಕೂ ಇಳಿಯಿತು. ಸಂಸ್ಥೆಗಳು ಕೆಲಸದ ಪರಿಣಾಮದ ವರದಿಯನ್ನು ಪ್ರತಿವರ್ಷ ಪ್ರಕಟಿಸಬೇಕಾದುದರಿಂದ ದಾನಿಗೆ ಮಾಹಿತಿ ತಾನಾಗಿ ದೊರೆಯುತ್ತದೆ. ಆದರೆ ಆ ವರದಿ, ಲೆಕ್ಕಪರಿಶೋಧನೆಗಳ ಖರ್ಚನ್ನು ಗಮನಿಸಿದರೆ, ತಾಲ್ಲೂಕು ಮಟ್ಟದ ಸಂಸ್ಥೆಗೆ ಇದು ಸದ್ಯಕ್ಕೆ ಎಟುಕುವ ದಾರಿಯಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ವಾಣಿಜ್ಯ ಸಂಘಗಳು ಮಾಡಬಹುದಾದದ್ದು

ಮೇಲೆ ಹೇಳಿದ 12 ಲಕ್ಷದ ಕಂಪನಿಗೆ ಪ್ರತ್ಯೇಕ ಅಧಿಕಾರಿಯನ್ನು ನೇಮಿಸುವ ಶಕ್ತಿಯಿಲ್ಲ. ಅಂಥ ಕಂಪನಿಗಳು ಒಂದು ಕೈಗಾರಿಕಾ ಪ್ರದೇಶದಲ್ಲಿ ಐದಾರು ಇರಬಹುದು. ಪ್ರತಿಯೊಂದೂ ತನ್ನ ಪಾಲಿನ ವರದಿಯನ್ನು ಬೇರೆಯಾಗಿ ಕೊಡುವಂತಿದ್ದರೆ, ಕಂಪನಿಗಳು ಕೂಡಿ ಒಂದೇ ಯೋಜನೆ ಕೈಗೊಳ್ಳಲು ನಿಯಮಗಳಲ್ಲಿ ಅವಕಾಶವಿದೆ. ಐದು ಕಂಪನಿಗಳ 12 ಲಕ್ಷ ಸೇರಿದರೆ 60 ಲಕ್ಷವಾಗುತ್ತದೆ. ಒಬ್ಬರು ಐದು ಕಡೆ ಬಣ್ಣ ಬಳಿಸುವ ಬದಲು, ಐವರೂ ಸೇರಿ ಸಮೀಪದ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಯ ಕಾರ್ಯಾಗಾರವನ್ನು ಸುಸಜ್ಜಿತಗೊಳಿಸಬಹುದು. ಒಂದು ಎಚ್ಚರಿಕೆ: ತಮ್ಮ ನೌಕರರಿಗಷ್ಟೇ ಉಪಯೋಗವಾಗುವ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ಕೂಡುವಿಕೆಗೆ ಮಧ್ಯಸ್ಥರು ಬೇಕು. ಅಮೆರಿಕದ ಕೇಂದ್ರಕ್ಕೆ ಊರಿನ ಗ್ರಂಥಾಲಯ ಒದಗಿದಂತೆ, ನಮ್ಮಲ್ಲಿ ಜಿಲ್ಲಾ ವಾಣಿಜ್ಯ ಸಂಘದ ಕಚೇರಿ ಒದಗಬಲ್ಲದು. ಸಂಘದ ಕಾರ್ಯದರ್ಶಿಗೆ ಪೇಟೆಯ ಪರಿಚಯವಿದೆ, ಸಭಾಂಗಣವಿದೆ, ಲೆಕ್ಕಪರಿಶೋಧಕ ಸದಸ್ಯರಿದ್ದಾರೆ. ಬೇಕಾದದ್ದು ಎರಡು ಕಡತಗಳು ಮಾತ್ರ. ಒಂದರಲ್ಲಿ ಜಿಲ್ಲೆಯ ಸಂಸ್ಥೆಗಳು: ಪ್ರತಿಯೊಂದರ 80ಜಿ ಸಂಖ್ಯೆ ಮತ್ತು ಅದು ಮುಗಿಯುವ ದಿನಾಂಕ, ಸಿಎಸ್‌ಆರ್-1 ಸಂಖ್ಯೆ, ಕಳೆದ ಮೂರು ವರ್ಷಗಳ ಪರಿಶೋಧಿತ ಲೆಕ್ಕ, ಭೇಟಿ ಕೊಟ್ಟ ಸದಸ್ಯರ ಒಂದು ಪುಟದ ಟಿಪ್ಪಣಿ. ಇನ್ನೊಂದರಲ್ಲಿ ಕೊಡಲು ಸಿದ್ಧರಿರುವ ಸದಸ್ಯರು: ಆಸಕ್ತಿಯ ಕ್ಷೇತ್ರ ಮತ್ತು ಅಂದಾಜು ಮೊತ್ತ. ಮೊತ್ತವನ್ನು ಬಹಿರಂಗಪಡಿಸಲು ಹಿಂಜರಿಯುವವರು ಅದನ್ನು ಬಿಡಬಹುದು. ಹಿಂಜರಿಕೆಗೆ ಕಾರಣವೂ ಉಂಟು, ಪಟ್ಟಿ ಹೊರಬಿದ್ದ ಮರುದಿನವೇ ಬಾಗಿಲಲ್ಲಿ ಸರದಿ ನಿಲ್ಲುತ್ತದೆ. ಅದಕ್ಕಾಗಿ ಎರಡನೆಯ ಕಡತ ಕಾರ್ಯದರ್ಶಿಯ ಬಳಿಯೇ ಇರಲಿ. ಮೊದಲನೆಯದು ಎಲ್ಲರಿಗೂ ತೆರೆದಿರಲಿ.

ಲಾಭದ ಅಂದಾಜು ಸೆಪ್ಟೆಂಬರ್ ಅಂತ್ಯದ ಅರ್ಧವಾರ್ಷಿಕ ಲೆಕ್ಕದಲ್ಲಿ ಬಹುಮಟ್ಟಿಗೆ ತಿಳಿಯುತ್ತದೆ. ಹಿಂದಿನ ಮೂರು ವರ್ಷಗಳ ಸರಾಸರಿಯಂತೂ ಏಪ್ರಿಲ್‌ನಲ್ಲೇ ಗೊತ್ತಿರುತ್ತದೆ. ಆದುದರಿಂದ ಸಂಸ್ಥೆಗಳನ್ನೂ ಸದಸ್ಯರನ್ನೂ ಒಂದೆಡೆ ಕೂರಿಸುವ ಸಭೆಯನ್ನು ದೀಪಾವಳಿ ಕಳೆದ ನಂತರದ ವಾರಗಳಲ್ಲಿ ಕರೆದರೆ, ಭೇಟಿಗೂ ಕರಾರುಪತ್ರಕ್ಕೂ ಮೊದಲ ಕಂತು ಬಳಕೆಯಾಗುವುದಕ್ಕೂ ನಾಲ್ಕು ತಿಂಗಳ ಕಾಲಾವಕಾಶ ದೊರೆಯುತ್ತದೆ.